ಬಡಾವಣೆಯ ಪಾರ್ಕಿಂಗ್ ಜಗಳ: ರಸ್ತೆಗೆ ಗೇಟು ಹಾಕುವ ಮೊದಲು ಕಟ್ಟಡದ ನಕ್ಷೆ ನೋಡಿ

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ ಬಿ.ಎಚ್. ರಸ್ತೆಗೆ ಹತ್ತಿರದ ಹಳೇ ಬಡಾವಣೆ. ನಮ್ಮ ಕ್ರಾಸ್ 30 ಅಡಿ ರಸ್ತೆ. ಹೆಚ್ಚಿನ ಮನೆಗಳಲ್ಲಿ ವಯಸ್ಸಾದವರೇ ಇದ್ದೇವೆ. ಮೂರು ವರ್ಷದ ಹಿಂದೆ ಮೂಲೆ ಸೈಟಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಕೆಳಗೆ ಅಂಗಡಿ, ರಕ್ತಪರೀಕ್ಷೆಯ ಲ್ಯಾಬ್. ಮೇಲೆ ಟ್ಯೂಷನ್ ಸೆಂಟರ್. ಬೆಳಿಗ್ಗೆ, ಸಂಜೆ ನಮ್ಮ ಗೇಟು ತೆಗೆಯೋಕೂ ಆಗದಷ್ಟು ಬೈಕು, ಕಾರು ನಿಂತಿರುತ್ತವೆ. ಸಿಗ್ನಲ್ ತಪ್ಪಿಸಲು ಆಟೋ, ಟಾಟಾ ಏಸ್‌ಗಳೆಲ್ಲ ನಮ್ಮ ಕ್ರಾಸಿಗೇ ನುಗ್ಗುತ್ತವೆ. ಹೋದ ತಿಂಗಳು ಪಕ್ಕದ ಮನೆ ಯಜಮಾನರಿಗೆ ಎದೆನೋವು ಬಂದಾಗ ಆಂಬುಲೆನ್ಸ್ ತಿರುವಿನಲ್ಲೇ ನಿಂತುಬಿಟ್ಟಿತು. ಸ್ಟ್ರೆಚರನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋದೆವು. ಈಗ ಎದುರಿನ ಎರಡು ಸೈಟು ಸೇರಿಸಿ ಇನ್ನೊಂದು ಕಟ್ಟಡಕ್ಕೆ ಪಾಯ ತೆಗೆಯುತ್ತಿದ್ದಾರೆ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಗೆ ಹೋಗಿ ಅಂತಾರೆ. ನಮ್ಮ ಸಂಘದಲ್ಲಿ ಕೆಲವರು ರಸ್ತೆಗೆ ಗೇಟು ಹಾಕೋಣ ಅಂತಾರೆ, ಕೆಲವರು ಕೋರ್ಟಿಗೆ ಹೋಗೋಣ ಅಂತಾರೆ. ಅವರು ಪ್ರಭಾವಿಗಳು, ಏನು ಮಾಡಿದರೂ ಅಷ್ಟೇ ಅನ್ನೋರೂ ಇದ್ದಾರೆ. ದಾರಿ ತೋರಿಸಿ.
– ಸಂಘದ ಕಾರ್ಯದರ್ಶಿ, ತುಮಕೂರು (ಹೆಸರು ಬೇಡ ಎಂದಿದ್ದಾರೆ)

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಇರುವುದು ಒಂದು ಸಮಸ್ಯೆಯಲ್ಲ, ಮೂರು. ಈಗಾಗಲೇ ಎದ್ದಿರುವ ಕಟ್ಟಡ ತನ್ನ ಪಾರ್ಕಿಂಗನ್ನು ರಸ್ತೆಗೆ ತಳ್ಳಿದೆ. ಅಂಥದ್ದೇ ಇನ್ನೊಂದು ಏಳುತ್ತಿದೆ. ಹೊರಗಿನ ವಾಹನಗಳು ನಿಮ್ಮ ಕ್ರಾಸನ್ನು ಒಳದಾರಿ ಮಾಡಿಕೊಂಡಿವೆ. ಈ ಮೂರಕ್ಕೂ ಕಾನೂನು ಬೇರೆ, ಕಚೇರಿ ಬೇರೆ. ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿ ಕೊಟ್ಟರೆ ಏನಾಗುತ್ತೆ ಗೊತ್ತಾ? ಓದಿದವರಿಗೆ ತಮಗೆ ಸೇರದ ಭಾಗವೇ ಮೊದಲು ಕಾಣುತ್ತೆ. ಇದು ನಮಗೆ ಬರಲ್ಲ ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ನಿಮ್ಮನ್ನು ಅಲೆದಾಡಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಇನ್ನು ಮುಂದೆ ಒಂದು ಅರ್ಜಿಗೆ ಒಂದೇ ವಿಷಯ ಇಟ್ಟುಕೊಳ್ಳಿ.

ಆಂಬುಲೆನ್ಸ್ ವಿಷಯ ಮೊದಲು ಹೇಳಿಬಿಡುತ್ತೇನೆ, ಅದು ಪ್ರಾಣದ ಮಾತು. 30 ಅಡಿ ಅಂದರೆ ಸುಮಾರು 9 ಮೀಟರ್. ಅದರಲ್ಲಿ ಎರಡೂ ಕಡೆ ಚರಂಡಿ, ಮನೆಗಳ ಇಳಿಜಾರು ಎಲ್ಲಾ ಕಳೆದರೆ ಓಡಾಡಲು ಉಳಿಯುವುದು ಆರು, ಆರೂವರೆ ಮೀಟರ್. ಎರಡೂ ಬದಿಗೆ ಕಾರು ನಿಂತರೆ ಅಂತರ ಸೇರಿ ನಾಲ್ಕು ಮೀಟರ್ ಹೋಯಿತು. ಉಳಿದ, ಹೆಚ್ಚೆಂದರೆ ಎರಡೂವರೆ ಮೀಟರಿನಲ್ಲಿ ಆಂಬುಲೆನ್ಸ್ ಹೇಗೋ ನೆಟ್ಟಗೆ ಬರಬಹುದು. ಅಗ್ನಿಶಾಮಕ ವಾಹನ ಸರಿಸುಮಾರು ಅಷ್ಟೇ ಅಗಲ ಇರುತ್ತೆ, ಅದು ಬರಲಾರದು. ಆದರೆ ನಿಮ್ಮಲ್ಲಿ ಗಾಡಿ ನಿಂತಿದ್ದು ನೇರ ರಸ್ತೆಯಲ್ಲಲ್ಲ, ತಿರುವಿನಲ್ಲಿ. ಉದ್ದದ ಗಾಡಿ ತಿರುಗಬೇಕಾದರೆ ಮೂಲೆಯಲ್ಲಿ ಜಾಸ್ತಿ ಜಾಗ ಬೇಕು. ಮೂಲೆಯಲ್ಲಿ ಒಂದೇ ಒಂದು ಕಾರು ನಿಂತರೂ ಸಾಕು, ಒಳಗೆ ರಸ್ತೆ ಖಾಲಿ ಇದ್ದರೂ ತಿರುಗಲು ಆಗಲ್ಲ. ಹಾಗಾಗಿ ಕ್ರಾಸಿನ ಎರಡೂ ತುದಿಯಲ್ಲಿ, ಮೂಲೆಯಿಂದ ಒಳಕ್ಕೆ ಎರಡು ಕಾರಿನಷ್ಟು ಉದ್ದ, ಅಂದರೆ ಸುಮಾರು 10 ಮೀಟರ್, ಎರಡೂ ಬದಿ ಖಾಲಿ ಇರಬೇಕು ಅಂತ ಕೇಳಿ. ಕೂಡುರಸ್ತೆಯ ಹತ್ತಿರ ವಾಹನ ನಿಲ್ಲಿಸುವುದು ಹೇಗೂ ತಪ್ಪು. ಇಷ್ಟು ಚಿಕ್ಕ, ಸ್ಪಷ್ಟ ಬೇಡಿಕೆಗೆ ಒಪ್ಪಿಗೆ ಬೇಗ ಸಿಗುತ್ತೆ. ಇಡೀ ರಸ್ತೆಯನ್ನೇ ನೋ ಪಾರ್ಕಿಂಗ್ ಮಾಡಿ ಎಂದು ಕೇಳಿದರೆ ಸಿಗಲ್ಲ. ಸಿಕ್ಕರೆ ನಿಮ್ಮ ಮನೆಗೆ ಬರುವ ನೆಂಟರಿಗೂ ಅದೇ ದಂಡ.

ಸಭೆಗಳಲ್ಲಿ ಕೇಳುವ ಮಾತುಗಳು

ಬಡಾವಣೆ ಸಂಘಗಳ ಸಭೆಗೆ ಹೋದಾಗಲೆಲ್ಲ ಕೆಲವು ಮಾತು ಕೇಳುತ್ತೇನೆ. ಹೇಳುವವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದರೆ ಅದನ್ನು ನಂಬಿ ಹೆಜ್ಜೆ ಇಟ್ಟರೆ ಸಂಘಕ್ಕೇ ಪೆಟ್ಟು.

‘ಮನೆ ಮುಂದಿನ ಜಾಗ ನಮ್ಮದು.’ ಅಲ್ಲ. ಕಾಂಪೌಂಡಿನ ಆಚೆ ಇರುವುದೆಲ್ಲ ಸಾರ್ವಜನಿಕ ರಸ್ತೆ. ನಿಮ್ಮ ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು, ಅದಕ್ಕೆ ದೂರು ಕೊಡಬಹುದು. ಆದರೆ ಗೇಟಿನ ಪಕ್ಕದ ಗೋಡೆ ಉದ್ದಕ್ಕೂ ಬೇರೆಯವರು ನಿಲ್ಲಿಸಬಾರದು ಎನ್ನುವ ಹಕ್ಕು ಯಾರಿಗೂ ಇಲ್ಲ. ಕಲ್ಲು, ಹೂಕುಂಡ, ಸರಪಳಿ, ಪೇಂಟರ್ ಕೈಲಿ ಬರೆಸಿದ ‘ನೋ ಪಾರ್ಕಿಂಗ್’ ಬೋರ್ಡು, ಇವಕ್ಕೆ ಕಾನೂನಿನ ಬೆಲೆಯಿಲ್ಲ. ಬದಲಿಗೆ ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ ಪ್ರಕಾರ ಅವೇ ರಸ್ತೆ ಒತ್ತುವರಿ. ಪಾಲಿಕೆ ಆಯುಕ್ತರು ತೆಗೆಸಬಹುದು. ಗೇಟು ಹಾಕುವ ಮಾತಿಗೂ ಇದೇ ಉತ್ತರ. ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದ್ದರೆ ಆ ರಸ್ತೆಗೆ ಗೇಟು ಹಾಕುವಂತಿಲ್ಲ, ರಾತ್ರಿ ಮಾತ್ರ ಹಾಕುತ್ತೇವೆ ಎಂದರೂ ಇಲ್ಲ. ಗೇಟು ಹಾಕಿದ ದಿನ ದೂರು ಕೊಡುವ ಹಕ್ಕು ಎದುರಿನವರ ಕೈಗೆ ಹೋಗುತ್ತೆ. ರಾತ್ರಿ ಆಂಬುಲೆನ್ಸ್ ಬಂದಾಗ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವ ಪಾಡು ಬೇರೆ.

‘ಹಳದಿ ಬಣ್ಣದ ವಲಯ, ಇಲ್ಲಿ ಅಂಗಡಿಯೇ ಇರಬಾರದು.’ ಮಹಾಯೋಜನೆಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನ್‌ನಲ್ಲಿ, ವಸತಿ ಪ್ರದೇಶಕ್ಕೆ ಹಳದಿ ಬಣ್ಣ ಇರುವುದು ನಿಜ. ಆದರೆ ವಸತಿ ವಲಯದಲ್ಲೂ ಸಣ್ಣ ಅಂಗಡಿ, ವೈದ್ಯರ ಕ್ಲಿನಿಕ್, ವಕೀಲರ ಕಚೇರಿಯಂಥ ಕೆಲವು ಉಪಯೋಗಗಳಿಗೆ ಮಿತಿಯೊಳಗೆ ಅವಕಾಶ ಇದೆ. ಎಷ್ಟು ಅಳತೆ, ಎಷ್ಟು ಅಗಲದ ರಸ್ತೆ ಎಂಬುದು ವಲಯ ನಿಯಮಾವಳಿಯಲ್ಲಿ ಇರುತ್ತೆ. ನಿಮ್ಮ ದೂರು ‘ಅಂಗಡಿ ಬೇಡ’ ಅಂತ ಇರಬಾರದು. ‘ಇಷ್ಟು ದೊಡ್ಡ ವಾಣಿಜ್ಯ ಉಪಯೋಗಕ್ಕೆ ಅನುಮತಿ ಇದೆಯಾ, ಇದ್ದರೆ ಅದಕ್ಕೆ ಬೇಕಾದ ಪಾರ್ಕಿಂಗ್ ಎಲ್ಲಿ’ ಅಂತ ಇರಬೇಕು.

‘ತೆರಿಗೆ ಕಟ್ಟುತ್ತಿದ್ದಾರೆ, ಖಾತೆ ಆಗಿದೆ, ಇನ್ನೇನೂ ಮಾಡೋಕಾಗಲ್ಲ. ನಾಳೆ ಅಕ್ರಮ ಸಕ್ರಮ ಬಂದರೆ ಎಲ್ಲಾ ಸರಿಹೋಗುತ್ತೆ.’ ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ಇನ್ನು ಅಕ್ರಮ ಸಕ್ರಮ, ಅಂದರೆ ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯ ಕಥೆ ಹೀಗಿದೆ. 2014ರಲ್ಲಿ ನಿಯಮ ಬಂತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ಯೋಜನೆಯಲ್ಲೂ 2013ರ ಅಕ್ಟೋಬರ್ 19ರ ನಂತರದ ಕಟ್ಟಡಗಳಿಗೆ ಜಾಗವಿರಲಿಲ್ಲ. ನಿಮ್ಮ ಮೂಲೆ ಕಟ್ಟಡ ಮೂರು ವರ್ಷದ್ದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿದೆ: ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂದು ಕೊಡುವ ಒ.ಸಿ.) ಸಿಕ್ಕ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡುವಂತಿಲ್ಲ. ಈ ಆದೇಶದ ಪ್ರತಿ ನಿಮ್ಮ ಕಡತದಲ್ಲಿ ಇರಲಿ. ನಿಮಗೆ ಇದು ದೊಡ್ಡ ಆಸರೆ.

ಗಾಡಿಗಳು ರಸ್ತೆಗೆ ಬಂದಿದ್ದು ಹೇಗೆ

ಗಾಡಿ ಜಾಸ್ತಿಯಾಗಿವೆ, ನಿಜ. ನಮ್ಮ ಹಳೇ ಬಡಾವಣೆಗಳ ನಕ್ಷೆ ಬರೆದ ಕಾಲಕ್ಕೆ ಮನೆಗೊಂದು ಸೈಕಲ್ಲು, ಹೆಚ್ಚೆಂದರೆ ಒಂದು ಸ್ಕೂಟರು. ಈಗ ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ಪರೀಕ್ಷೆಗೆ, ಪಾಠಕ್ಕೆ, ಆಸ್ಪತ್ರೆಗೆ ಜನ ತುಮಕೂರಿಗೇ ಬರಬೇಕು, ಹೆಚ್ಚಿನವರು ಸ್ವಂತ ಗಾಡಿಯಲ್ಲೇ ಬರುತ್ತಾರೆ. ಆದರೆ ನಾನು ನೋಡಿದ ಹೆಚ್ಚಿನ ಬಡಾವಣೆಗಳಲ್ಲಿ ಜಗಳದ ಬೇರು ಗಾಡಿಗಳ ಸಂಖ್ಯೆಯಲ್ಲಿ ಇರಲಿಲ್ಲ. ನೆಲಮಹಡಿಯ ಬಾಡಿಗೆಯಲ್ಲಿತ್ತು. ಕಟ್ಟಡದಲ್ಲಿ ಹೆಚ್ಚು ಬಾಡಿಗೆ ಬರುವುದು ರಸ್ತೆಗೆ ತಾಗಿದ ನೆಲಮಹಡಿಗೆ. ಪಾರ್ಕಿಂಗಿಗೆ ಬಿಟ್ಟ ಜಾಗದಿಂದ ಬಿಡಿಗಾಸೂ ಬರುವುದಿಲ್ಲ. ಹಾಗಾಗಿ ಪರವಾನಗಿ ಸಿಗುವವರೆಗೆ ಅದು ಪಾರ್ಕಿಂಗ್, ಆಮೇಲೆ ಅಂಗಡಿ.

ಇದನ್ನು ಕಣ್ಣಾರೆ ಕಾಣಬೇಕಾದರೆ ಮಂಜೂರಾದ ನಕ್ಷೆಯನ್ನು ಕಟ್ಟಡದ ಎದುರು ನಿಂತು ಬಿಡಿಸಿ ನೋಡಿ. ನೆಲಮಹಡಿಯ ಹಾಳೆಯಲ್ಲಿ ಕಂಬಗಳು ಕಪ್ಪು ಚೌಕಗಳಾಗಿ ಇರುತ್ತವೆ. ಎರಡು ಕಂಬದ ನಡುವೆ ಉದ್ದುದ್ದ ಡಬ್ಬಿ ಬರೆದು ಒಳಗೆ ಕಾರು ಅಂತ ಗುರುತು ಹಾಕಿರುತ್ತಾರೆ. ಒಂದು ಡಬ್ಬಿ ಎರಡೂವರೆ ಮೀಟರ್ ಅಗಲ, ಐದು ಅಥವಾ ಐದೂವರೆ ಮೀಟರ್ ಉದ್ದ. ಈಗ ತಲೆ ಎತ್ತಿ ನೋಡಿದರೆ ಅದೇ ಎರಡು ಕಂಬದ ನಡುವೆ ರೋಲಿಂಗ್ ಶಟರ್, ಮೇಲೆ ಬಣ್ಣದ ಬೋರ್ಡು. ಅಷ್ಟು ಡಬ್ಬಿಗಳ ಗಾಡಿಗಳೇ ಈಗ ನಿಮ್ಮ ಗೇಟಿನ ಮುಂದೆ ನಿಂತಿರುವುದು. ನೆಲಮಾಳಿಗೆ ಇದ್ದರೆ ಅದನ್ನೂ ನೋಡಿ. ಇಳಿಜಾರು ತೀರಾ ಕಡಿದಾಗಿದ್ದರೆ ಯಾರೂ ಗಾಡಿ ಇಳಿಸಲ್ಲ. ಮೊದಲ ಮಳೆಗಾಲದಲ್ಲಿ ನೀರು ತುಂಬುತ್ತೆ, ಎರಡನೆಯದರ ಹೊತ್ತಿಗೆ ಅದು ಗೋಡೌನ್ ಆಗಿರುತ್ತೆ.

ನಕ್ಷೆ ಪಡೆಯುವುದು ಹೇಗೆ? ಮಾಹಿತಿ ಹಕ್ಕು ಕಾಯ್ದೆಯಡಿ ಪಾಲಿಕೆಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಸಂಘದ ಲೆಟರ್‌ಹೆಡ್ಡಿನಲ್ಲಿ ಬೇಡ, ಒಬ್ಬ ವ್ಯಕ್ತಿಯ ಹೆಸರಲ್ಲಿ ಹಾಕಿ, ಈ ಹಕ್ಕು ನಾಗರಿಕರಿಗೆ ಇರುವುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪರವಾನಗಿ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಈ ಮೂರರ ಪ್ರತಿ ಕೇಳಿ. ಜೊತೆಗೆ ಕಡತ ಪರಿಶೀಲನೆಗೂ ಅವಕಾಶ ಕೇಳಿ. ಮೂರನೇ ವ್ಯಕ್ತಿಯ ಮಾಹಿತಿ ಎಂದು ಪ್ರತಿ ಕೊಡಲು ತಕರಾರು ಬರಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ನಿರಾಕರಿಸಿದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅವಧಿ ಮೀರಿಸಬೇಡಿ. ಸಂಘಗಳು ಸೋಲುವುದು ಬಹಳ ಸಲ ಇಲ್ಲಿಯೇ.

ಏನೇನು ಮಾಡಬಹುದು, ಏನು ತೊಂದರೆ

ಮೊದಲು ಎಣಿಸಿ. ಒಂದು ಕೆಲಸದ ದಿನ, ಒಂದು ಭಾನುವಾರ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಒಬ್ಬರು ಕ್ರಾಸಿನ ಉದ್ದಕ್ಕೂ ನಡೆದು ನಿಂತ ಗಾಡಿಗಳ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಲಿ. ಯಾವುದು ನಿವಾಸಿಯದು, ಯಾವುದು ಹೊರಗಿನದು, ಎಷ್ಟು ಹೊತ್ತು ನಿಂತಿತು ಎಲ್ಲಾ ತಿಳಿಯುತ್ತೆ. ಒಂದು ಮಾತು ಮೊದಲೇ ಹೇಳಿರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಾತ್ರಿ ನಿಲ್ಲುವ ಕಾರುಗಳಲ್ಲಿ ನಿವಾಸಿಗಳದ್ದೇ ಜಾಸ್ತಿ ಇರುತ್ತವೆ. ಕಾರ್ ಶೆಡ್ಡನ್ನು ಬಾಡಿಗೆಗೆ ಕೊಟ್ಟವರು, ಅಲ್ಲಿ ಸಾಮಾನು ತುಂಬಿದವರು, ಚರಂಡಿ ದಾಟಿ ರಸ್ತೆಗೆ ಇಳಿಜಾರು ಕಟ್ಟಿದವರು, ಕಾಂಪೌಂಡಿನಾಚೆ ಕೈತೋಟ ಮಾಡಿದವರು ಸಂಘದೊಳಗೇ ಇರುತ್ತಾರೆ. ಇದನ್ನು ನೀವೇ ಮೊದಲು ಸರಿ ಮಾಡಿಕೊಂಡರೆ ಎದುರಿನವರಿಗೆ ನಿಮ್ಮ ಬಾಯಿ ಮುಚ್ಚಿಸಲು ಆಗಲ್ಲ. ಇಲ್ಲದಿದ್ದರೆ ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗೆ ಅವರು ತೋರಿಸುವುದು ನಿಮ್ಮ ಕೈತೋಟವನ್ನೇ.

ಒಂದು ಬದಿ ಪಾರ್ಕಿಂಗ್. ನಿಮ್ಮಂಥ 30 ಅಡಿ ರಸ್ತೆಗೆ ನನ್ನ ಮೊದಲ ಸಲಹೆ ಇದು. ಒಂದು ಬದಿಗೆ ಮಾತ್ರ ನಿಲ್ಲಿಸಬೇಕು, ಅಥವಾ ದಿನ ಬಿಟ್ಟು ದಿನ ಬದಿ ಬದಲಾಗಬೇಕು. ಇದನ್ನು ಸಂಘ ಘೋಷಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಮತ್ತು 117ರ ಕೆಳಗೆ ಅಧಿಸೂಚನೆ ಬೇಕು. ಜಿಲ್ಲೆಗಳಲ್ಲಿ ಅದನ್ನು ಹೊರಡಿಸುವವರು ಜಿಲ್ಲಾಧಿಕಾರಿ, ಪೊಲೀಸ್ ಇಲಾಖೆಯ ವರದಿಯ ಮೇಲೆ. ಆದ್ದರಿಂದ ಎಣಿಕೆಯ ಹಾಳೆ ಲಗತ್ತಿಸಿ ಸಂಚಾರ ಠಾಣೆಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಅರ್ಜಿ ಕೊಡಿ, ಪ್ರತಿ ಜಿಲ್ಲಾಧಿಕಾರಿಗೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ನಿಮ್ಮ ತಿರುವಿನ ವಿಷಯ ಸೇರಿಸಿ ಎಂದು ಅದರಲ್ಲೇ ಕೇಳಿ. ಪಾಲಿಕೆ, ಪೊಲೀಸ್, ಲೋಕೋಪಯೋಗಿ, ಸಾರಿಗೆ ಎಲ್ಲರೂ ಒಂದೇ ಮೇಜಿಗೆ ಬರುವ ಜಾಗ ಅದು. ತೊಂದರೆ ಏನೆಂದರೆ, ಇಲ್ಲಿ ಜಾಗ ಸಿಗದ ಗಾಡಿಗಳು ಪಕ್ಕದ ಕ್ರಾಸಿಗೆ ಹೋಗುತ್ತವೆ. ಅವರನ್ನೂ ಮೊದಲೇ ಮಾತಾಡಿಸಿ, ಇಲ್ಲದಿದ್ದರೆ ಆಕ್ಷೇಪಣೆ ಅಲ್ಲಿಂದಲೇ ಬರುತ್ತೆ.

ಏಕಮುಖ ಸಂಚಾರ ಮಾಡಿದರೆ ಸಿಗ್ನಲ್ ತಪ್ಪಿಸಿ ಬರುವವರು ಕಡಿಮೆಯಾಗುತ್ತಾರೆ. ಆದರೆ ಎದುರಿಂದ ಗಾಡಿ ಬರಲ್ಲ ಎಂಬ ಧೈರ್ಯಕ್ಕೆ ವೇಗ ಹೆಚ್ಚುತ್ತೆ, ನಿವಾಸಿಗಳೂ ಸುತ್ತಿ ಬರಬೇಕಾಗುತ್ತೆ. ವಯಸ್ಸಾದವರು ಹೆಚ್ಚಿರುವ ಕಡೆ ನಾನು ಇದನ್ನು ಕೊನೆಗೆ ಇಡುತ್ತೇನೆ. ಸರಕು ವಾಹನಗಳಿಗೆ ಬೆಳಿಗ್ಗೆ, ಸಂಜೆ ನಿಗದಿತ ಹೊತ್ತು ನಿರ್ಬಂಧ ಕೇಳುವುದು ಇದಕ್ಕಿಂತ ಮೇಲು.

ಹಂಪ್ ಬೇಕೆಂದು ಎಲ್ಲರೂ ಕೇಳುತ್ತಾರೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, ಮಧ್ಯದಲ್ಲಿ 10 ಸೆಂಟಿಮೀಟರ್ ಎತ್ತರ. ನಿಧಾನಕ್ಕೆ ಹೋದರೆ ಮೈಗೆ ತಿಳಿಯುವುದೇ ಇಲ್ಲ. ಬಳಿದ ಬಿಳಿ ಪಟ್ಟಿ, ಮುಂಚೆ ಎಚ್ಚರಿಕೆ ಫಲಕ ಎರಡೂ ಬೇಕು. ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡುವ ಒಂದಡಿ ಅಗಲದ ದಿಬ್ಬ ಬೇರೆಯೇ. ಅದರಿಂದ ಬೈಕಿನವರು ಬೀಳುತ್ತಾರೆ, ಬೆನ್ನುನೋವಿನವರು ನರಳುತ್ತಾರೆ, ಮಳೆ ನೀರು ಅಲ್ಲೇ ನಿಲ್ಲುತ್ತೆ. ಯಾರಾದರೂ ಬಿದ್ದರೆ ಹಾಕಿದವರೇ ಹೊಣೆ. ಸಂಘದ ದುಡ್ಡಿನಲ್ಲಿ ಇದನ್ನು ದಯವಿಟ್ಟು ಮಾಡಿಸಬೇಡಿ.

ಇನ್ನು ಮೂಲೆ ಕಟ್ಟಡದವರ ಜೊತೆ ಮಾತುಕತೆ. ಇದನ್ನು ಹೆಚ್ಚಿನ ಸಂಘಗಳು ಪ್ರಯತ್ನಿಸುವುದೇ ಇಲ್ಲ. ಟ್ಯೂಷನ್ನಿನ ಬ್ಯಾಚುಗಳ ನಡುವೆ ಅರ್ಧ ಗಂಟೆ ಬಿಡುವು ಇದ್ದರೆ ಒಂದು ಬ್ಯಾಚು ಹೋಗುವುದು, ಇನ್ನೊಂದು ಬರುವುದು ಒಂದೇ ಹೊತ್ತಿಗೆ ಆಗುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಖಾಲಿ ಸೈಟು ಇದ್ದೇ ಇರುತ್ತೆ. 30–40ರ ಒಂದು ಸೈಟನ್ನು ಬಾಡಿಗೆಗೆ ಪಡೆದು ಬೈಕುಗಳನ್ನು ಅಲ್ಲಿ ನಿಲ್ಲಿಸಲಿ. ಅದು ಸುಮಾರು 110 ಚದರ ಮೀಟರ್. ಓಡಾಡುವ ದಾರಿ ಬಿಟ್ಟರೂ 35ರಷ್ಟು ಬೈಕು ಹಿಡಿಯುತ್ತೆ. ಬಾಡಿಗೆ, ಕಾವಲು ಅವರದು. ಕರಾರು ಸೈಟಿನ ಮಾಲೀಕರಿಗೂ ಅವರಿಗೂ ನೇರವಾಗಿ ಆಗಲಿ, ಸಂಘ ನಡುವೆ ಸಹಿ ಹಾಕಬಾರದು. ಗಾಡಿ ಕಳುವಾದರೆ ಹೊಣೆ ನಿಮ್ಮ ತಲೆಗೆ ಬರುತ್ತೆ. ಪಕ್ಕದ ಮನೆಯವರ ಒಪ್ಪಿಗೆ ಇರಲಿ, ರಾತ್ರಿ ಬೀಗ ಬೀಳಲಿ. ಇದು ಶಾಶ್ವತ ಪರಿಹಾರ ಅಲ್ಲ, ಒಂದು ದಿನ ಆ ಸೈಟಿನಲ್ಲೂ ಮನೆ ಏಳುತ್ತೆ. ಹಾಗಾಗಿ ಇದಕ್ಕೆ ಬದಲಾಗಿ ದೂರು ವಾಪಸ್ ಪಡೆಯುತ್ತೇವೆ ಎಂದು ಎಲ್ಲೂ ಬರೆದುಕೊಡಬೇಡಿ.

ಮಾತುಕತೆಗೆ ಬಗ್ಗದಿದ್ದರೆ ಪಾಲಿಕೆ ಆಯುಕ್ತರಿಗೆ ಲಿಖಿತ ದೂರು. ನಕ್ಷೆಯ ಪ್ರತಿ, ಫೋಟೋ, ದಿನಾಂಕ ಜೊತೆಗಿಡಿ. ಪೌರ ನಿಗಮಗಳ ಕಾಯ್ದೆಯ ಕಲಂ 321ರಲ್ಲಿ ನಕ್ಷೆ ಮೀರಿದ ಕಟ್ಟಡಕ್ಕೆ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳಿ ನೋಟಿಸ್, ಅವರ ಉತ್ತರ ನೋಡಿ ದೃಢೀಕರಣ ಎಂಬ ಕ್ರಮ ಇದೆ. ಇದು ನಿಧಾನ. ನೋಟಿಸ್ ಹೋದ ಕೂಡಲೇ ಕಟ್ಟಡದವರು ತಡೆಯಾಜ್ಞೆಗೆ ಓಡಬಹುದು. ಕಟ್ಟಡ ಕೆಡವಿ ಎಂದು ಕೇಳುವುದಕ್ಕಿಂತ, ನಕ್ಷೆಯಲ್ಲಿ ಇರುವ ಪಾರ್ಕಿಂಗ್ ಜಾಗದ ಗೋಡೆ ಮತ್ತು ಶಟರ್ ತೆಗೆಸಿ, ಅಲ್ಲಿಯ ವ್ಯಾಪಾರ ಪರವಾನಗಿ ಪರಿಶೀಲಿಸಿ ಎಂದು ಕೇಳಿ. ನಿಮಗೆ ಬೇಕಿರುವುದೂ ಅದೇ ಅಲ್ವಾ?

ಕೋರ್ಟಿಗೆ ಹೋಗೋಣ ಅನ್ನುವವರು ತಪ್ಪು ಹೇಳುತ್ತಿಲ್ಲ, ಸ್ವಲ್ಪ ಬೇಗ ಹೇಳುತ್ತಿದ್ದಾರೆ. ಹೈಕೋರ್ಟಿನಲ್ಲಿ ಮೊದಲು ಕೇಳುವುದೇ ‘ಸಂಬಂಧಪಟ್ಟ ಅಧಿಕಾರಿಗೆ ಮನವಿ ಕೊಟ್ಟಿದ್ದೀರಾ’ ಅಂತ. ಟಪಾಲು ವಿಭಾಗದ ಮುದ್ರೆ ಬಿದ್ದ ಸ್ವೀಕೃತಿ, ಮಾಹಿತಿ ಹಕ್ಕಿನಲ್ಲಿ ಬಂದ ನಕ್ಷೆ, ನಿಮ್ಮ ಎಣಿಕೆ, ಇವು ಕೈಲಿದ್ದು ಕೆಲವು ತಿಂಗಳಾದರೂ ಕ್ರಮ ಆಗದಿದ್ದರೆ ಆಗ ವಕೀಲರ ಹತ್ತಿರ ಹೋಗಿ. ಅಷ್ಟರಲ್ಲಿ ಸಂಘ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಏಳು ಜನ ಸದಸ್ಯರು ಸಾಕು. ‘ಅವರು ಪ್ರಭಾವಿಗಳು’ ಎಂಬ ಭಯ ಇರುವವರಿಗೂ ಇದೇ ರಕ್ಷಣೆ. ಸಹಿ ಒಬ್ಬರದ್ದಾಗಿರದೆ ನಿರ್ಣಯದ ಮೇಲೆ ಪದಾಧಿಕಾರಿಗಳದ್ದಾಗಿರುತ್ತೆ. ಮಾತಲ್ಲಾಗಲಿ, ವಾಟ್ಸ್ಆ್ಯಪ್‌ನಲ್ಲಾಗಲಿ ಕಟ್ಟಡದವರ ಹೆಸರು ಎತ್ತಿ ಬೈಯಬೇಡಿ. ಮಾನನಷ್ಟ ಮೊಕದ್ದಮೆಗೆ ಅಷ್ಟೇ ಸಾಕು.

ಕೊನೆಗೆ ಎದುರಿನ ಪಾಯದ ವಿಷಯ. ನಿಜವಾಗಿ ತುರ್ತು ಇರುವುದು ಇದಕ್ಕೇ. ಎರಡು ಸೈಟು ಸೇರಿಸಲು ಅನುಮತಿ ಆಗಿದೆಯಾ, ಪರವಾನಗಿ ಮನೆಗೋ ವಾಣಿಜ್ಯಕ್ಕೋ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಎಷ್ಟು, ಪಾರ್ಕಿಂಗ್ ಎಷ್ಟು, ಇಷ್ಟನ್ನು ತಿಳಿಸಿ ಎಂದು ಪಾಲಿಕೆಯ ನಗರ ಯೋಜನಾ ಶಾಖೆಗೆ ಅರ್ಜಿ ಕೊಡಿ. ಸ್ಥಳದಲ್ಲಿ ನಕ್ಷೆ ಹಿಡಿದು ಅಳತೆ ಮಾಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಪಾಯದ ಹಂತದಲ್ಲಿ ಟೇಪ್ ಹಿಡಿದರೆ ಸೆಟ್‌ಬ್ಯಾಕ್ ಬಿಟ್ಟಿದ್ದಾರಾ ಇಲ್ಲವಾ ಎಲ್ಲರ ಕಣ್ಣಿಗೂ ಕಾಣುತ್ತೆ. ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸಲು ಕೇಳಿದ್ದರೆ ಅದು ಟೂಡಾಕ್ಕೆ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಹೋಗುತ್ತೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14–ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಕನಿಷ್ಠ 15 ದಿನ ಅವಕಾಶ ಇರುತ್ತೆ. ಸಂಘದಲ್ಲಿ ದಿನಾ ಪೇಪರ್ ಪೂರ್ತಿ ಓದುವವರು ಒಬ್ಬರಾದರೂ ಇರುತ್ತಾರೆ, ಆ ಸಣ್ಣಕ್ಷರದ ಪ್ರಕಟಣೆಗಳನ್ನು ನೋಡುವ ಕೆಲಸ ಅವರಿಗೆ ಒಪ್ಪಿಸಿ. ಎಣಿಕೆ ಮುಂದಿನ ತಿಂಗಳಾದರೂ ನಡೆಯುತ್ತೆ, ಮಾತುಕತೆ ಆಮೇಲೆ ಆದರೂ ಪರವಾಗಿಲ್ಲ. ಈ ಅಳತೆಯ ಅರ್ಜಿ ಮಾತ್ರ ಈ ವಾರವೇ ಟಪಾಲಿಗೆ ಹೋಗಲಿ. ಮೊದಲ ತಾರಸಿ ಬಿದ್ದ ಮೇಲೆ ಅದೇ ಅರ್ಜಿಗೆ ಇಷ್ಟು ಬೆಲೆ ಇರುವುದಿಲ್ಲ.